ಉಪ್ಪಿನಲ್ಲಿ ಸಿಕ್ಕ ಉಡದಾರ

ಕರಗಿದ ಉಪ್ಪಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಆ ಬೆಳಿಗ್ಗೆಯವರೆಗೂ ನಂಬಿದ್ದೆ. ಇಚಲಕರಂಜಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. "ಸೋಡಿಯಂ, ಪೊಟ್ಯಾಶಿಯಂ ಕಾರ್ಬೊನೇಟು ಕೂಡಿಸಿದರೆ ಕಡಿಮೆ ಕಾವಿನಲ್ಲೇ ಕರಗುತ್ತವೆ. ಗಟ್ಟಿಯಾಗಿದ್ದಾಗ ಕರೆಂಟಿಗೆ ದಾರಿ ಬಿಡವು, ಕರಗಿದರೆ ರಾಜಮಾರ್ಗ!" ಎಂದು ವರ್ಷಾನುಗಟ್ಟಲೆ ಹೇಳಿದ್ದೇನೆ. ಕಣ್ಣಾರೆ ಒಮ್ಮೆಯೂ ಕಂಡಿರಲಿಲ್ಲ!

ಅಂದು ಮಧ್ಯಾಹ್ನ ಗಡಹಿಂಗ್ಲಜದಲ್ಲಿ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಸೋದರಮಾವ ತಂದ ಬೆಳ್ಳಿ ಉಡದಾರ ಸೊಂಟಕ್ಕೆ ಕಟ್ಟದೆ ಕೂಸನ್ನು ತೊಟ್ಟಿಲಿಗೆ ಹಾಕುವಂತಿಲ್ಲ. ಆ ಸೋದರಮಾವ ನಾನೇ. ಉಡದಾರ ತರಲು ಹೆಂಡತಿ ಶಾಂತಾಳೊಂದಿಗೆ ಹುಪರಿಯ ಗೆಳೆಯ ಬಾಳುವಿನ ಬೆಳ್ಳಿ ಕೆಲಸದ ಮನೆಗೆ ಹೋದೆ. ಅಲ್ಲಿ ಕೆಂಪಗೆ ಕಾದ ಕರೆಂಟಿನ ಭಟ್ಟಿ! ಕಾಲೇಜಿನ ಪ್ರಯೋಗಕ್ಕೆಂದು ಕೊಂಡ ಎರಡೂ ಉಪ್ಪು, ಬ್ಯಾಟರಿ, ಬಲ್ಬು ಕಾರಿನಲ್ಲೇ ಇದ್ದವು. ಕೈ ಸುಮ್ಮನಿರಬೇಕಲ್ಲ! ಎಲ್ಲವನ್ನೂ ಒಳಗೆ ತಂದು ಬಾಳುವಿಗೆ ನನ್ನ ಪಾಠ ಒಪ್ಪಿಸಿದೆ.

"ಸರ್, ಉಪ್ಪಿನಾಗ ಕರೆಂಟ್ ಹರೀತೈತೇನ್ರಿ?" ಎಂದ ಬಾಳು.

"ಏನ್ರೀ, ಹೊತ್ತಾಗೈತಿ. ನಡೀರಿ," ಎಂದಳು ಶಾಂತಾ.

"ಐದ ಮಿನಿಟು!" ಎಂದೆ.

ಭಟ್ಟಿಯಲ್ಲಿದ್ದ, ಬೆಳ್ಳಿ ಕರಗಿಸುವ ಮೂಸೆಗೆ ಉಪ್ಪು ಸುರಿದೆ. ಪೊಟ್ಯಾಶು ಗಾಳಿಯ ತೇವ ಕುಡಿದಿತ್ತು. ಚಟಾರ್! ಬಾಳು ಬಾಗಿಲಾಚೆ ಜಿಗಿದ. ಸ್ವಲ್ಪ ಹೊತ್ತಿಗೆ ಉಪ್ಪು ನೀರಿನಂತೆ ತಿಳಿಯಾಗಿ ಕರಗಿತು. ಬ್ಯಾಟರಿಯ ಒಂದು ತಂತಿಗೆ ಕಬ್ಬಿಣದ ಸಲಾಕೆ ಸಿಕ್ಕಿತು, ಇನ್ನೊಂದಕ್ಕೆ ಏನೂ ಇಲ್ಲ. ಬೆಳ್ಳಿಯಷ್ಟು ಚೆನ್ನಾಗಿ ಕರೆಂಟು ಹರಿಸುವ ಲೋಹ ಬೇರೊಂದಿಲ್ಲ ಎಂಬ ಪಾಠ ಅದೇ ಗಳಿಗೆಯಲ್ಲಿ ನೆನಪಾಗಬೇಕೇ! ಶಾಂತಾ ಅಯ್ಯೋ ಅನ್ನುವುದರೊಳಗೆ ಅವಳ ಕೈಯಲ್ಲಿದ್ದ ಹೊಸ ಉಡದಾರದ ತುದಿ ಉಪ್ಪಿನೊಳಗಿತ್ತು.

ಬಲ್ಬು ಹತ್ತಿತು!

"ನೋಡಪಾ!" ಎಂದೆ. ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಭಟ್ಟಿ ಆರಿತು. ಉಪ್ಪು ಹೆಪ್ಪುಗಟ್ಟಿ ಬ್ಯಾಟರಿಯ ಬಲ್ಬೂ ನಂದುವವರೆಗೆ ಉಡದಾರದ ನೆನಪಿಲ್ಲದೆ ನೋಡುತ್ತ ನಿಂತೆ. ಗಟ್ಟಿ ಉಪ್ಪಿನಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದೂ ಸಾಬೀತಾಯಿತು. ಉಡದಾರ ಎಳೆದೆ. ಅಲುಗಲಿಲ್ಲ.

"ಗ್ಯಾಸ್ ಹಿಡದ್ರ ಬೆಳ್ಳಿನೂ ಕರಗತೈತಿ, ಬಡದ್ರ ಕೊಂಡಿ ಹರೀತಾವ," ಎಂದ ಬಾಳು. ಕರೆಂಟು ಬರಲಿಲ್ಲ. ಫೋನು ಬಂತು. "ಅಣ್ಣಾ, ಎಲ್ಲೀದಿ? ನಮ್ಮತ್ತಿ ಆಗ್ಲೇ ಮುಖಾ ಗಂಟು ಹಾಕ್ಕೊಂಡಾರ!" ತಂಗಿಯ ದನಿ ಅಳುವಂತಿತ್ತು.

ಮೂಸೆ ಸಮೇತ ಉಡದಾರವನ್ನು ಮರಳಿನ ಬುಟ್ಟಿಯಲ್ಲಿಟ್ಟು ಕಾರು ಓಡಿಸಿದೆ. ದಾರಿಯುದ್ದಕ್ಕೂ ಶಾಂತಾ ಬುಟ್ಟಿ ಉರುಳದಂತೆ ಹಿಡಿದು ಕೂತಿದ್ದಳು.

ತಂಗಿಯ ಮನೆಯಲ್ಲಿ ಬೀಗರೆಲ್ಲ ಸುತ್ತ ನಿಂತರು. ಬುಟ್ಟಿಯಿಂದ ಬಾಲದಂತೆ ಉಡದಾರ ಜೋತಿತ್ತು. ತಣ್ಣಗಾದ ಮೂಸೆಯನ್ನು ತೆಗೆದು ಉಳಿ, ಸುತ್ತಿಗೆ ಕೇಳಿದೆ. ಆಗ ಶಾಂತಾ ಮೂಸೆಯೊಳಗೆ ಬಗ್ಗಿ ನೋಡಿದಳು.

"ಏನ್ರೀ, ಇದು ಅರಿವಿ ಒಗಿಯೂ ಸೋಡಾನಽ ಅಲ್ಲೇನು? ನೀರಾಗ ಕರಗೂದಿಲ್ಲೇನು?"

ನಾನು ಸುತ್ತಿಗೆ ಕೆಳಗಿಟ್ಟೆ. ಕಾರ್ಬೊನೇಟಿನ ಪಾಠದ ಮೊದಲ ಸಾಲೇ ಅದು!

ಅವಳು ಮೂಸೆಯನ್ನು ಬಿಸಿನೀರಿನ ಬಕೆಟಿಗೆ ಇಳಿಸಿದಳು. ಎಲ್ಲರೂ ಬಕೆಟನ್ನೇ ನೋಡುತ್ತ ನಿಂತೆವು. ಕಡೆಗೂ ಉಪ್ಪು ಸಡಿಲಿತು. ತುದಿಯ ಕೊಂಡಿ ಕಳಚಿಹೋಗಿತ್ತು. ಉಡದಾರ ತೊಳೆದು, ಕರಿದಾರ ಸೇರಿಸಿ, ಕೂಸಿಗೆ ಕಟ್ಟಿದರು. "ಆ ನೀರು ಚೆಲ್ಲಬ್ಯಾಡ್ರಿ, ಅರಿವಿ ನೆನಸೋಣು," ಎಂದರು ತಂಗಿಯ ಅತ್ತೆ. ನನ್ನ ವಿದ್ಯೆಯಿಂದ ಅಷ್ಟಾದರೂ ಉಪಯೋಗವಾಯಿತು.

ತಂಗಿಯ ನಾದಿನಿ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು ಸೇರಿಸಿದಳು.

"ಮಾಮಾನಂಗ ಶಾಣ್ಯಾ ಆಗಬ್ಯಾಡಪಾ!"

"ಹೌದ್ರಿ!" ಎಂದು ಮನೆಮಂದಿಯೆಲ್ಲ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.