ಫ್ರೆಶ್ ಎಂಬ ಮಹನೀಯರಿಗೆ ಏಳು ವರ್ಷ ಹಳೆಯ ಹಾಸ್ಟೆಲ್ ಹುಡುಗಿಯ ಅಹವಾಲು

ಮಾನ್ಯ ಫ್ರೆಶ್ ಅವರೇ,

ಇಂಗ್ಲಿಷಿನಲ್ಲಿ ಹುಟ್ಟಿ, ಹಡಗು ಹತ್ತಿ ಬಂದು, ಈಗ ಕುಂದಾಪುರ ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಿಂದ ಬೈಂದೂರಿನ ಬಟ್ಟೆ ಅಂಗಡಿಯವರೆಗೆ ಬೋರ್ಡು ಬೋರ್ಡಿನಲ್ಲೂ ನೆಲೆಸಿರುವ ತಮಗೆ, ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿ ಮೂರು ವಾರವಾದ ಶ್ರೀಲತಾ ಎಂಬ ವಿದ್ಯಾರ್ಥಿನಿಯ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ; ಹಳಸಿದ್ದರೆ ತಮ್ಮನ್ನು ಈ ಹೆಸರಿನಿಂದ ಕರೆಯಲು ಬರುವುದಿಲ್ಲವಲ್ಲ.

ಮೊದಲು ತಮ್ಮ ದುಡಿಮೆಯನ್ನು ಹೊಗಳಬೇಕು. ನಮ್ಮ ಕಡೆ ಒಬ್ಬ ಅಧಿಕಾರಿಗೆ ಎರಡು ಊರಿನ ಚಾರ್ಜ್ ಕೊಟ್ಟರೆ ಅವರು ಎರಡೂ ಊರಿನಲ್ಲಿ ಸಿಗುವುದಿಲ್ಲ. ತಾವಾದರೋ ಒಂದೇ ಹೊತ್ತಿಗೆ ಎಲ್ಲ ಕಡೆ ಹಾಜರು. ಬಾಟಲಿಯಲ್ಲಿ ಆರು ತಿಂಗಳು ಇರುವ ಮಾವಿನ ರಸದ ಮೇಲೂ ತಾವೇ. ಮುಂಬೈಯಿಂದ ಬಂದ ಅತ್ತೆ ಬಚ್ಚಲಿಗೆ ಹೋಗುವಾಗ 'ಫ್ರೆಶ್ ಆಗಿ ಬತ್ತೆ' ಎನ್ನುವುದರಲ್ಲೂ ತಾವೇ. ಬೆಳಗ್ಗೆ ಎದ್ದು ಓದಿದರೆ ಮೈಂಡ್ ಫ್ರೆಶ್ ಇರುತ್ತದೆ ಎಂದು ಅಕೌಂಟ್ಸ್ ಸರ್ ಹೇಳುವುದರಲ್ಲೂ ತಾವೇ. ಹೊಳೆ ಮೀನನ್ನು ಇಂಗ್ಲಿಷಿನಲ್ಲಿ 'ಫ್ರೆಶ್ ವಾಟರ್ ಫಿಶ್' ಎನ್ನುತ್ತಾರೆಂದು ಎಂಟನೇ ಕ್ಲಾಸಿನಲ್ಲಿ ಕಲಿತು ರಜೆಯಲ್ಲಿ ಮನೆಗೆ ಬಂದು ಹೇಳಿದಾಗ, ಹಾಗಾದರೆ ನಾವು ಕಡಲಿನಿಂದ ತರುವುದೆಲ್ಲ ಕೊಳೆತದ್ದೋ ಎಂದು ನನ್ನ ಅಮ್ಮ ವನಜ ಎರಡು ದಿನ ಮುಖ ಊದಿಸಿಕೊಂಡಿದ್ದರು. ಅದಕ್ಕೂ ಕಾರಣ ತಾವೇ. ಇರಲಿ, ಅದನ್ನು ಈ ಪತ್ರದಲ್ಲಿ ಎತ್ತುವುದಿಲ್ಲ.

ನನ್ನ ದೂರು ಬೇರೆ. ಉಪ್ಪುಂದದ ನಮ್ಮ ಮನೆಯಿಂದ ಕಾಲೇಜಿಗೆ ಹೋಗಲು ಎರಡು ಬಸ್, ಬರಲು ಎರಡು ಬಸ್. ಮೊದಲ ಕ್ಲಾಸ್ ಎಂಟೂವರೆಗೆ. ಹಾಸ್ಟೆಲ್ ಸೀಟ್ ಸಿಕ್ಕಿದರೆ ಬಿ.ಕಾಂ., ಇಲ್ಲದಿದ್ದರೆ ಚಿಕ್ಕಮ್ಮನ ಜೊತೆ ಗೇರುಬೀಜದ ಕಾರ್ಖಾನೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಕಾರ್ಖಾನೆಯಲ್ಲಿ ಎಷ್ಟು ಜನ ಬೇಕಾಗಿದ್ದಾರೆಂದು ಚಿಕ್ಕಮ್ಮನನ್ನು ಕೇಳಿಟ್ಟುಕೊಂಡಿದ್ದರು. ಇಷ್ಟು ಗೊತ್ತಿದ್ದೇ ನಾನು ರೋಷನ್‌ನ ಸೈಬರ್ ಅಂಗಡಿಯಲ್ಲಿ ಹಾಸ್ಟೆಲ್ ಅರ್ಜಿ ತುಂಬಲು ಕುಳಿತದ್ದು. ಮೊದಲ ಪುಟದಲ್ಲೇ ಎರಡು ಗುಂಡಿ. ಒಂದು ತಾವು, 'ಫ್ರೆಶ್'. ಇನ್ನೊಂದು 'ರಿನ್ಯೂವಲ್'.

ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ. ನನ್ನ ಅಮ್ಮ ಮನೆ ಮನೆಗೆ ಮೀನು ಕೊಂಡುಹೋಗಿ ಮಾರುವವರು. ಅವರ ಬುಟ್ಟಿಯಲ್ಲಿ ತಮಗೆ ಒಂದೇ ಅರ್ಥ: ಇವತ್ತು ಬೆಳಗ್ಗೆ ದೋಣಿಯಿಂದ ಇಳಿದು, ಐಸ್ ಮುಟ್ಟದೆ, ಕಿವಿರು ಕೆಂಪಗೆ ಇರುವುದು. ಐಸ್ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಕಳೆದ ಬಂಗುಡೆ ಎಷ್ಟು ಹೊಳೆದರೂ ಅದನ್ನು ಅಮ್ಮ ಫ್ರೆಶ್ ಎಂದವರಲ್ಲ. ಗಿರಾಕಿ ಕೇಳುವ ಮೊದಲೇ 'ಇದ್ ನಿನ್ನೇದ್' ಎಂದು ಹೇಳಿಬಿಡುತ್ತಾರೆ. ನಾನು ಆರನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಏಳು ವರ್ಷ ಬೇರೆ ಊರಿನ ಹಾಸ್ಟೆಲಿನಲ್ಲಿ ಇದ್ದವಳು. ಒಂದು ರಾತ್ರಿಯಲ್ಲ ಸ್ವಾಮಿ, ಏಳು ವರ್ಷ. ನನ್ನ ಹೆಸರಿನ ಎದುರು ತಮಗೆ ಟಿಕ್ ಹಾಕಲು ಕೈ ಬರಲಿಲ್ಲ. ರಿನ್ಯೂವಲ್ ಒತ್ತಿದೆ.

ಎರಡು ದಿನ ಕಳೆದು ಕೆಂಪಕ್ಷರ ಬಂತು: ಹಿಂದಿನ ವರ್ಷದ ನೋಂದಣಿ ಸಿಗುತ್ತಿಲ್ಲ, ಅರ್ಜಿ ತಿರಸ್ಕೃತ. ರೋಷನ್ ಪಾಪ ಐದಾರು ಸಲ ರಿಫ್ರೆಶ್ ಮಾಡಿದ. ತಮ್ಮನ್ನು ಎರಡೆರಡು ಸಲ ಕರೆದರೂ ಪ್ರಯೋಜನವಿಲ್ಲ ಎಂಬುದು ಅಂದೇ ತಿಳಿಯಿತು. ಕೊನೆಯ ದಿನಕ್ಕೆ ಉಳಿದದ್ದು ಮೂರು ದಿನ, ಅದರಲ್ಲಿ ಒಂದು ಭಾನುವಾರ.

ಆ ಇಡೀ ಭಾನುವಾರ ಮೊಬೈಲ್ ನಿಘಂಟಿನಲ್ಲಿ ತಮ್ಮ ಮನೆತನವನ್ನು ಹುಡುಕಿದೆ. ಎಷ್ಟು ದೊಡ್ಡ ಕುಟುಂಬ ತಮ್ಮದು! ನ್ಯೂ ಎಂಬ ಅಣ್ಣ, ರೀಸೆಂಟ್ ಎಂಬ ತಮ್ಮ, ರಾ ಎಂಬ ಒರಟು ಭಾವ, ಕೂಲ್ ಎಂಬ ಕಾಲೇಜು ಹುಡುಗ, ಕ್ಲೀನ್ ಎಂಬ ಮಡಿವಂತ ಅತ್ತಿಗೆ. ಕೊನೆಯ ಸಾಲಿನಲ್ಲಿ ದೊಡ್ಡವರೆದುರು ಅಧಿಕಪ್ರಸಂಗ ಮಾಡುವವರಿಗೂ ತಮ್ಮ ಹೆಸರೇ ಎಂದಿತ್ತು. ಇವರಲ್ಲಿ ಯಾರು ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಾರೆ, ನಾನು ಯಾರಿಗೆ ಕೈಮುಗಿಯಬೇಕು ಎಂದು ಗೊತ್ತಾಗದೆ ಊಟ ಸೇರಲಿಲ್ಲ. ಅಮ್ಮ ಏನಾಯಿತೆಂದು ಕೇಳಿದರು. ಎಲ್ಲ ಹೇಳಿದೆ. ಅವರ ನೇಮವನ್ನು ಉಳಿಸಲು ಹೋಗಿ ಸೀಟ್ ಕಳಕೊಂಡೆ ಎಂಬುದನ್ನೂ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಮೀನು ಕೊಯ್ಯುತ್ತಾ ತಲೆ ಎತ್ತದೆ ಹೇಳಿದರು:

"ಮೀನ್ ಬಾಯ್ ಬಿಟ್ ಹೇಳತ್ತಾ ಹೆಣೆ? ಅದ್ಕೆ ನಾ ಹೇಳುದ್. ನಿಂಗ್ ಬಾಯಿ ಇತ್ತಲೆ, ಹೋಯಿ ಹೇಳ್."

ಏಳು ವರ್ಷದಲ್ಲಿ ನಾನು ಕಚೇರಿಯ ಕಿಟಕಿಯಲ್ಲಿ ಬಾಯಿ ಬಿಟ್ಟವಳಲ್ಲ. ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ವಾರ್ಡನ್ ಮೇಜಿನ ಮೇಲಿಟ್ಟು ಓಡಿದವಳು. ಸೋಮವಾರ ಹಾಸ್ಟೆಲ್ ಕಚೇರಿಗೆ ಹೋದೆ. ಹೇಳಬೇಕಾದ್ದನ್ನು ಉಪ್ಪುಂದದಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಉರು ಹೊಡೆದಿದ್ದೆ, ಕಿಟಕಿ ಕಂಡದ್ದೇ ಎಲ್ಲ ಮರೆತು ಊರಿನ ಭಾಷೆಯಲ್ಲೇ ಒದರಿದೆ. ಗುಮಾಸ್ತರಾದ ಮಂಜಯ್ಯನವರು ಕನ್ನಡಕ ತೆಗೆದು ನನ್ನನ್ನು ನೋಡಿ, ಒಂದು ದೊಡ್ಡ ಸರಕಾರಿ ಗುಟ್ಟನ್ನು ಎರಡು ಮಾತಿನಲ್ಲಿ ಬಿಟ್ಟುಕೊಟ್ಟರು.

"ಫ್ರೆಶ್ ಅಂದ್ರೆ ನಮ್ಗ್ ಫ್ರೆಶ್ ಅಂದೇಳಿ ಮಗಾ. ನೀ ಮುಂಚೆ ಎಲ್ಲಿದ್ದಿದ್ದೆ ಅಂದ್ ಇಲ್ಲ್ ಯಾರ್ ಕೇಂತ್ರ್?"

ಹೊಸ ಅರ್ಜಿಯನ್ನು ಅಲ್ಲೇ ಹಾಕಿಸಿದರು. ನಾಲ್ಕನೇ ದಿನಕ್ಕೆ ಸೀಟ್ ಬಂತು. ಮೇಲಿನ ಮಾಳಿಗೆ, ಕಿಟಕಿ ಪಕ್ಕದ ಮಂಚ.

ಹಾಗಾದರೆ ಇನ್ನು ದೂರು ಏನೆಂದು ತಾವು ಕೇಳಬಹುದು. ಯಾರೂ ಕೇಳುವುದಿಲ್ಲ ಎಂಬುದೇ ದೂರು. ಸೀಟ್ ಕೊಟ್ಟ ಹಾಳೆಯಲ್ಲಿ 'ಪೂರ್ವ ಹಾಸ್ಟೆಲ್ ವಾಸ' ಎಂಬಲ್ಲಿ ಕಂಪ್ಯೂಟರ್ ತಾನಾಗಿಯೇ 'ಇಲ್ಲ' ಎಂದು ಅಚ್ಚು ಹಾಕಿದೆ. ಮೊದಲ ವರ್ಷ ದಿಂಬಿನಲ್ಲಿ ಮುಖವಿಟ್ಟು ಶಬ್ದವಿಲ್ಲದೆ ಅಳಲು ಕಲಿತದ್ದು ಇಲ್ಲ. ಅಮ್ಮ ಬರುವ ಎರಡನೇ ಶನಿವಾರವನ್ನು ಎಣಿಸಿದ್ದು ಇಲ್ಲ. ಜ್ವರ ಬಂದ ಕಿರಿಯರಿಗೆ ಗಂಜಿ ಕಾಯಿಸಿ ಕೊಟ್ಟದ್ದೂ ಇಲ್ಲ. ತಮ್ಮ ಒಂದು ಟಿಕ್ಕಿನಿಂದ ನನ್ನನ್ನು ನಿನ್ನೆ ಹುಟ್ಟಿದವಳನ್ನಾಗಿ ಮಾಡಿದ ತಮ್ಮ ಶಕ್ತಿಗೆ ತಲೆಬಾಗುತ್ತೇನೆ.

ಆದ್ದರಿಂದ ಸವಿನಯ ಪ್ರಾರ್ಥನೆ: ತಮ್ಮ ಹತ್ತಾರು ಹುದ್ದೆಗಳಲ್ಲಿ ಒಂದೆರಡಕ್ಕಾದರೂ ರಾಜೀನಾಮೆ ಕೊಟ್ಟು, ಒಂದು ವಾರ ಬಂದರಿನಲ್ಲಿ ಮೀನಿನ ಹೆಂಗಸರ ಕೈಕೆಳಗೆ ತರಬೇತಿ ಪಡೆಯಬೇಕು. ಸಾಧ್ಯವಾದರೆ ಆ ಎರಡು ಗುಂಡಿಗಳ ನಡುವೆ ಮೂರನೆಯದೊಂದನ್ನು ಇಡಿಸಬೇಕು. 'ನಿಮಗೆ ಹೊಸಬಳು, ನನಗೆ ಅಲ್ಲ' ಎಂದು ಅದರ ಮೇಲೆ ಬರೆಸಿದರೆ ಸಾಕು. ಅಕ್ಷರ ಸಣ್ಣದಾದರೂ ಅಡ್ಡಿಯಿಲ್ಲ.

ದಾಖಲೆ ಪ್ರಕಾರ ಏನೂ ಅರಿಯದ,
ತಮ್ಮ ವಿಶ್ವಾಸಿ,
ಶ್ರೀಲತಾ, ಉಪ್ಪುಂದ

ತಾ.ಕ.: ನಿನ್ನೆ ಸಂಜೆ ನಮಗೆ ಹಾಸ್ಟೆಲ್ ಜೀವನದ ಪರಿಚಯ ಕಾರ್ಯಕ್ರಮವಿತ್ತು. ಹಾಸ್ಟೆಲಿಗೆ ಬಂದು ಒಂದು ವರ್ಷವಾದ ಚೇತನಾ ಅಕ್ಕ ಬಟ್ಟಲು ತೊಳೆಯುವುದು ಹೇಗೆಂದು ಇಪ್ಪತ್ತು ನಿಮಿಷ ತೋರಿಸಿಕೊಟ್ಟರು. ಪ್ರಶ್ನೆ ಇದೆಯೇ ಎಂದು ಕೇಳಿದಾಗ, ಈಗ ಬಾಯಿ ಬಿಡಲು ಕಲಿತಿರುವ ನಾನು, ಅವರು ಬಟ್ಟಲಿನ ಹಿಂಬದಿ ತೊಳೆದಿಲ್ಲ ಎಂದೆ. ನಿಘಂಟಿನ ಕೊನೆಯ ಸಾಲಿನ ಅರ್ಥದಲ್ಲಾದರೂ ನಾನು ತಮ್ಮ ಹೆಸರಿಗೆ ತಕ್ಕವಳಾಗಿದ್ದೇನೆಂದು ತಿಳಿಸಲು ಸಂತೋಷಪಡುತ್ತೇನೆ.