ತಿದ್ದುಪಡಿ ಸಂಖ್ಯೆ ಮೂರರ ಬಿಡುಗಡೆ ಸಮಾರಂಭ

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮೋಡವಿತ್ತು, ಮಳೆ ಇರಲಿಲ್ಲ. ಚನ್ನಗಿರಿಯ ಮೆಕ್ಕೆಜೋಳ ಬೆಳೆಗಾರರ ಸಹಕಾರ ಸಂಘದ ಆವರಣದಲ್ಲಿ ಹಾಜರಿದ್ದವರು: ಅಧ್ಯಕ್ಷ ಬೆನಕಪ್ಪನವರು, ಹೊನ್ನಾಳಿ ಮತ್ತು ನ್ಯಾಮತಿಯ ನಿರ್ದೇಶಕರು, ತಂತ್ರಾಂಶ ವಿಭಾಗದ ಏಕೈಕ ನೌಕರಳಾದ ಯಾಸ್ಮೀನ್, ಇನ್ನೂರ ಹನ್ನೆರಡು ಬೆಳೆಗಾರರು. ಗೈರುಹಾಜರಿ: ಜಗಳೂರಿನ ನಿರ್ದೇಶಕ ತಿಪ್ಪೇಶಪ್ಪನವರು. ಕಾರಣ: ಬಸ್ಸು.

ಇನ್ನೂರ ಹನ್ನೆರಡು ಮೊಬೈಲುಗಳಲ್ಲಿಯೂ ಸಂಘದ ಆ್ಯಪ್‌ನಲ್ಲಿ ತೂಕದ ಟೋಕನ್ ಸಂಖ್ಯೆ ಒಂದು ಎಂದಿತ್ತು.

ತಪ್ಪು ಯಾಸ್ಮೀನಳದು. ಶನಿವಾರ ಮಾಡಿದ್ದಳು, ಭಾನುವಾರ ಕಂಡಳು, ನಾಲ್ಕು ನಿಮಿಷದಲ್ಲಿ ತಿದ್ದಿದಳು. ಅವಳ ಪರೀಕ್ಷಾರ್ಥ ಸೇವಾವಧಿ ಈ ದಿನ ಮುಗಿಯುತ್ತಿತ್ತು. ತೂಕದ ಸರದಿಯಲ್ಲಿ ಜಗಳವಾದರೆ ಖಾಯಂ ಆದೇಶ ನೀಡತಕ್ಕದ್ದಲ್ಲ ಎಂಬ ಷರತ್ತು ಅವಳ ಬ್ಯಾಗಿನಲ್ಲೇ ಇತ್ತು, ಮೊಹರಿನ ಸಮೇತ.

ಕಳೆದ ತಿಂಗಳು ಬಂದ ತರಬೇತುದಾರರೊಬ್ಬರು, ತಂತ್ರಾಂಶದ ತಿದ್ದುಪಡಿ ಎಷ್ಟೇ ಚಿಕ್ಕದಿರಲಿ ಅಂದಂದೇ ಜನರಿಗೆ ತಲುಪಿಸಬೇಕು, ಇದೇ ನಿರಂತರ ಬಿಡುಗಡೆಯ ಸಂಸ್ಕೃತಿ ಎಂದು ಹೇಳಿ ಹೋಗಿದ್ದರು. ಸಂಘವು ಇದನ್ನು ಸರ್ವಾನುಮತದಿಂದ ಒಪ್ಪಿತು. ಆದರೆ ಹೊಸ ತಕ್ಕಡಿಯಿಂದ ಹಿಡಿದು ಹೊಸ ನಲ್ಲಿಯವರೆಗೆ ಸಮಾರಂಭವಿಲ್ಲದೆ ಯಾವುದೂ ಅಲ್ಲಿ ಬಳಕೆಗೆ ಬಂದದ್ದಿಲ್ಲ. ಆದ್ದರಿಂದ ನಿಯಮ ರಚಿಸಲಾಯಿತು: ಪ್ರತಿ ತಿದ್ದುಪಡಿಗೂ ಒಂದು ಸಮಾರಂಭ, ಹೊನ್ನಾಳಿಯಿಂದ ಸ್ವಾಗತ, ನ್ಯಾಮತಿಯಿಂದ ಪ್ರಾಸ್ತಾವಿಕ, ಚನ್ನಗಿರಿಯ ಅಧ್ಯಕ್ಷತೆ, ಜಗಳೂರಿನ ವಂದನಾರ್ಪಣೆ. ವಂದನೆ ಅರ್ಪಿಸದ ತಿದ್ದುಪಡಿಯು ಬಿಡುಗಡೆಯಾದಂತೆ ಭಾವಿಸತಕ್ಕದ್ದಲ್ಲ.

ಅಂದಿನ ತಿದ್ದುಪಡಿಗಳು ಮೂರು. ಮೊದಲನೆಯದು, ಆ್ಯಪ್‌ನಲ್ಲಿ ಒತ್ತುವ ಗುಂಡಿಯ ಬಣ್ಣ ಹಸಿರಾಗುವುದು. ಎರಡನೆಯದು, ಅಧ್ಯಕ್ಷರ ಭಾವಚಿತ್ರ ದೊಡ್ಡದಾಗುವುದು. ಮೂರನೆಯದು ಯಾಸ್ಮೀನಳದು.

“ಸರ್, ಮೂರನೇದನ್ನ ಮೊದ್ಲು ಬಿಡಾಕೆ ಆಗಲ್ವಾ? ಎರಡೇ ನಿಮಿಷ.”

“ಎರಡೇ ನಿಮಿಷದ ಕೆಲ್ಸಕ್ಕೆ ಅವಸರ ಯಾಕಮ್ಮ?” ಎಂದರು ಬೆನಕಪ್ಪನವರು. “ಇಡೀ ದಿನ ಐತೆ.”

ತಕ್ಕಡಿಯ ಬಳಿ ಧ್ವನಿ ಏರುತ್ತಿತ್ತು.

“ನಾನು ನಸುಕಿನಾಗೇ ಬಂದೀನಿ. ಒಂದು ಅಂದ್ರೆ ನಾನೇ,” ಎಂದ ಜಗಳೂರು ಕಡೆಯ ನನ್ನೇಸಾಬ.

“ಹೌದೇನ್ರಿ ಸಾಬ್ರೆ? ನನ್ನ ಮೊಬೈಲು ಸುಳ್ಳು ಹೇಳ್ತೈತಾ? ನಿಮ್ಮದೊಂದೇ ದೇವ್ರ ಮೊಬೈಲಾ?” ಎಂದಳು ನ್ಯಾಮತಿಯ ಗಾದ್ರಮ್ಮ.

ಯಾಸ್ಮೀನ್ ಇಬ್ಬರ ನಡುವೆ ನಿಂತು ರಸ್ತೆಯ ಕಡೆ ನೋಡಿದಳು. ಹನ್ನೊಂದು ಗಂಟೆಗೆ ತಿಪ್ಪೇಶಪ್ಪನವರು ಬಸ್ಸಿನಿಂದ ಇಳಿದರು. ಹಸಿರು ಬಣ್ಣಕ್ಕೆ ವಂದಿಸಿದರು. ಭಾವಚಿತ್ರಕ್ಕೆ, ಅದನ್ನು ತೆಗೆದವನಿಗೆ, ಅಂದು ಅಧ್ಯಕ್ಷರ ಅಂಗಿ ಇಸ್ತ್ರಿ ಮಾಡಿದವನಿಗೆ ವಂದಿಸಿದರು. ಹನ್ನೊಂದು ನಲವತ್ತಕ್ಕೆ ಮೂರನೆಯ ತಿದ್ದುಪಡಿ ಬಿಡುಗಡೆಯಾಯಿತು. ಒಂದರಿಂದ ಇನ್ನೂರ ಹನ್ನೆರಡರವರೆಗೆ ಸಂಖ್ಯೆಗಳು ಶಿಸ್ತಾಗಿ ನಿಂತವು. ಯಾಸ್ಮೀನ್ ಉಸಿರು ಬಿಟ್ಟಳು.

ನನ್ನೇಸಾಬ ಮೊಬೈಲು ನೋಡಿದ. ನಲವತ್ತಾರು. ಗಾದ್ರಮ್ಮ ನೋಡಿದಳು. ನೂರ ಎಂಬತ್ತು. ಸಂಖ್ಯೆ ಒಂದು ಬಂದವನು ಚಹಾಕ್ಕೆ ಹೋಗಿದ್ದ.

ಉಳಿದ ಇನ್ನೂರ ಹನ್ನೊಂದು ಮಂದಿ ವೇದಿಕೆಗೆ ಬಂದರು.

“ಬೇಟಿ, ಕೊಟ್ಟ ನಂಬರು ಕಿತ್ಕಳೋದು ಯಾವ ನ್ಯಾಯ?” ಎಂದ ನನ್ನೇಸಾಬ.

“ಸಾಬ್ರೂ ಒಂದು ಇರ್ಲಿ, ನಾನೂ ಒಂದು ಇರ್ತೀನಿ,” ಎಂದಳು ಗಾದ್ರಮ್ಮ. “ನಮ್ಮಿಬ್ಬರ ಮಧ್ಯೆ ಜಗಳ ಎಲ್ಲೈತೆ?”

ಬಿಟ್ಟದ್ದನ್ನು ಹಿಂದಕ್ಕೆ ಪಡೆಯಲು ನಾಚಬಾರದೆಂದು ತರಬೇತುದಾರರು ಹೇಳಿದ್ದರು. ಹಿಂಪಡೆಯುವುದೂ ಒಂದು ಬಿಡುಗಡೆಯೇ ಎಂದು ತೀರ್ಮಾನಿಸಿ ನಾಲ್ಕನೆಯ ಸಮಾರಂಭ ನಡೆಸಲಾಯಿತು. ಎಲ್ಲರೂ ಪುನಃ ಒಂದಾದರು. ತೂಕವು ತಕ್ಕಡಿಗೆ ಹತ್ತಿರ ನಿಂತವರಿಂದ, ಟೋಕನ್ ಇಲ್ಲದ ಕಾಲದಲ್ಲಿ ನಡೆಯುತ್ತಿದ್ದಂತೆಯೇ, ಆರಂಭವಾಯಿತು.

“ಸರ್, ಇದು ದೋಷ,” ಎಂದಳು ಯಾಸ್ಮೀನ್, ಮೆಲ್ಲಗೆ.

“ಜಗಳ ಐತಾ?”

“ಇಲ್ಲ ಸರ್.”

ಬೆನಕಪ್ಪನವರು ಮೈಕು ಸರಿಪಡಿಸಿಕೊಂಡರು.

“ಈ ಸಂಘದಾಗೆ ಎರಡನೇ ನಂಬರಿನೋರು ಅಂತ ಯಾರೂ ಇಲ್ಲ. ಸದರಿ ದೋಷವನ್ನೂ ಯಾಸ್ಮೀನ್ ಅವರನ್ನೂ ಇಂದಿನಿಂದ ಖಾಯಂ ಮಾಡಲಾಗಿದೆ.”