ಉಪ್ಪಿನಕಾಯಿ ಭರಣಿಯಡಿಯ ಕಾನೂನು

೧೯೮೬ರ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಕರ್ನಾಟಕ–ಮಹಾರಾಷ್ಟ್ರ ಗಡಿಯ ತಪಾಸಣಾ ನಾಕೆಯೊಂದರಲ್ಲಿ, ನವಲಗುಂದದಿಂದ ಮಿರಜಕ್ಕೆ ಹೊರಟಿದ್ದ ಬಿಳಿ ಕಾರೊಂದು ನಿಂತುಹೋಯಿತು. ಕಾರಿನಲ್ಲಿ ಇಬ್ಬರು ಹೆಂಗಸರು, ಒಬ್ಬ ಗಂಡಸು ಮತ್ತು ಒಂದು ಜಮಖಾನೆ ಇದ್ದವು. ಯಾರಿಗೂ ಗಾಯಗಳಾಗಿಲ್ಲ. ಕಾರನ್ನು ನಿಲ್ಲಿಸಿದವರು ಪೊಲೀಸರಲ್ಲ. ಒಳಗಿದ್ದ ಗಂಡಸೇ ನಿಲ್ಲಿಸಿದ. ಆ ಗಂಡಸು ನಾನು.

ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ನವಲಗುಂದದಿಂದ ಸುದ್ದಿ ಕಳಿಸುವುದು ನನ್ನ ಕೆಲಸ. ಬರೆದ ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ನನ್ನ ಹೊಣೆ ಮುಗಿಯಿತು. ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬ ಐದು ಪ್ರಶ್ನೆ ಕೇಳದೆ ನಾನು ಒಂದು ಸಾಲೂ ಬರೆಯುವುದಿಲ್ಲ ಎಂದು ಊರಲ್ಲಿ ಹೆಸರಿದೆ. ಈ ಹೆಸರನ್ನು ಊರಲ್ಲಿ ಹಬ್ಬಿಸಿದವನೂ ನಾನೇ.

ಆ ವರ್ಷ ನನ್ನ ಹೆಂಡತಿ ಶಾಂತಾಳ ತಂಗಿ ಸುಮಾಳ ಮದುವೆ ಮಿರಜದಲ್ಲಿ ಗೊತ್ತಾಯಿತು. ಸುಮಾ ಎಂಟು ತಿಂಗಳ ಕೂಸಿದ್ದಾಗ ತಾಯಿ ತೀರಿಕೊಂಡಿದ್ದರು. ಎತ್ತಿ ಆಡಿಸಿ ಬೆಳೆಸಿದವರು ಸೋದರತ್ತೆ ನೀಲವ್ವ. ಆ ಅತ್ತೆಗೆ ಒಂದೇ ಒಂದು ಆಸೆ: ಮುಹೂರ್ತದಲ್ಲಿ ಸುಮಾಳ ತಲೆಯ ಮೇಲೆ ಮೊದಲ ಅಕ್ಕಿಕಾಳು ತನ್ನ ಕೈಯಿಂದ ಬೀಳಬೇಕು, ಆಗ ಸುಮಾ ಕೂತಿರಬೇಕಾದ್ದು ತಾನು ತಂದ ಜಮಖಾನೆಯ ಮೇಲೆ. ಜಮಖಾನೆಯನ್ನು ಅವರು ನಮ್ಮೂರಿನ ನೇಕಾರಗಿತ್ತಿಗೆ ಹೇಳಿ ಮಾಡಿಸಿದ್ದರು. ಚಳಿಗಾಲವೆಲ್ಲ ಆಕೆಯ ಮಗ್ಗದ ಮುಂದೆ ಕೂತು, "ಈ ನವಿಲಿನ ಕಣ್ಣು ಅಗದಿ ಸಣ್ಣ ಆತವಾ, ನಿದ್ದಿಗಣ್ಣಾಗ ಇದ್ದಂಗ ಕಾಣತೈತಿ" ಎಂದು ತಕರಾರು ತೆಗೆದು, ಒಂದು ನವಿಲನ್ನು ಎರಡು ಸಲ ಬಿಚ್ಚಿಸಿದ್ದರು.

ಹಿರಿಯರೆಲ್ಲ ಬಸ್ಸಿನಲ್ಲಿ ಮೊದಲೇ ಹೋಗುವುದೆಂದಾಯಿತು. ಬಸ್ಸು ಹತ್ತಿದರೆ ಅತ್ತೆಗೆ ವಾಂತಿ. "ಅತ್ತಿ ನನ್ನ ಜವಾಬ್ದಾರಿ. ಕಾರಿನಾಗ ಹೂವಿನಂಗ ಕರಕೊಂಡು ಬರತೀನಿ" ಎಂದು ನಾನು ನಾಲ್ಕು ಮಂದಿಯ ಮುಂದೆ ಘೋಷಿಸಿದೆ. ಕಾರು ಹಳೆಯದು, ಕೊಂಡು ಮೂರು ತಿಂಗಳಾಗಿತ್ತು. ಮಧ್ಯಾಹ್ನ ಉಂಡು ಅಡ್ಡಾದರೆ ಸಾಕು, ಕಣ್ಣ ಮುಂದೆ ರಸ್ತೆ ತೆರೆದುಕೊಳ್ಳುತ್ತಿತ್ತು. ಎರಡೂ ಕಡೆ ಎರೆಹೊಲ, ದೂರದಲ್ಲಿ ಬಿಸಿಲ್ಗುದುರೆ, ನಡುವೆ ದೋಣಿಯಂತೆ ತೇಲುವ ನನ್ನ ಕಾರು. ಆ ಕನಸಿನಲ್ಲಿ ನಾನು ಗೇರು ಬದಲಿಸುತ್ತಲೇ ಇರಲಿಲ್ಲ.

ಕನಸಿಗೆ ಮೊದಲ ಕಲ್ಲು ಬಿದ್ದದ್ದು ಅಡುಗೆಮನೆಯಿಂದ.

"ಇಲ್ಲಿ ನೋಡ್ರಿ" ಎಂದು ಶಾಂತಾ ಕೂಗಿದಳು. ಗೋಡೆಯ ಮಾಡದಲ್ಲಿ ಹಾಸಿದ ಹಳೆಯ ಪೇಪರಿನ ಮೇಲೆ ಉಪ್ಪಿನಕಾಯಿ ಭರಣಿ ಕೂತಿತ್ತು. ಭರಣಿಯ ಹೊರಗೆ ಕಾಣುತ್ತಿದ್ದ ಸಾಲುಗಳನ್ನು ಆಕೆ ಬೆರಳಿಟ್ಟು ಓದಿದಳು: ಹೊರರಾಜ್ಯಕ್ಕೆ ಹೋಗುವ ಖಾಸಗಿ ಕಾರುಗಳಿಗೆ ಗಡಿ ದಾಟಲು ಪ್ರತ್ಯೇಕ ವಿಮಾ ಪತ್ರ ಕಡ್ಡಾಯವೆಂದು ನಂಬಲರ್ಹ ಮೂಲಗಳು ತಿಳಿಸಿವೆ.

"ಅಂಥಾದ್ದೊಂದು ಪತ್ರ ನಮ್ಮ ಕಡೆ ಐತೇನ್ರಿ?"

ಇರಲಿಲ್ಲ. ಭರಣಿ ಎತ್ತಿ ಪೂರ್ತಿ ಓದೋಣವೆಂದು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ! ಜಳಕಾ ಆಗಿಲ್ಲ ನಿಮ್ಮದು. ವರ್ಷದ ಉಪ್ಪಿನಕಾಯಿ ಬೂಸಲಾ ಹಿಡೀತಂದ್ರ ಏನು ತಿಂತೀರಿ, ಪೇಪರ ತಿಂತೀರೇನು?"

ಕೈ ಹಿಂದೆಗೆದೆ. ಓದಿದ್ದಷ್ಟೇ ಸಾಕಿತ್ತು. ಮುದ್ರಿತವಾದದ್ದನ್ನು ನಂಬದೆ ಇರಲು ನಾನೇನು ಸಾಮಾನ್ಯ ಓದುಗನೇ?

ಮರುದಿನವೇ ಕಾರ್ಯಾಚರಣೆ ಶುರುವಾಯಿತು. ಮೂಲಪತ್ರ ಹೊರಗೆ ಹೋಗುವ ಮೊದಲು ಅದರದೊಂದು ನಕಲು ಇರಬೇಕೆಂಬುದು ಸುದ್ದಿಮನೆಯ ಶಿಸ್ತು. ಇದ್ದ ವಿಮಾ ಪತ್ರವನ್ನು ಕಚೇರಿ ಓಣಿಯಲ್ಲಿ ಟೈಪು ಮಾಡಿಸಿ, ನಕಲು ಸರಿಯಿದೆ ಎಂದು ಸಹಿ ಮಾಡುವ ಅಧಿಕಾರಿಯನ್ನು ಹುಡುಕಿದೆ. ಅಂದು ಊರಲ್ಲಿ ಸಿಕ್ಕವರು ದನದ ದವಾಖಾನೆಯ ಡಾಕ್ಟರು ಮಾತ್ರ. ಎಮ್ಮೆಯೊಂದರ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡೇ ಇನ್ನೊಂದು ಕೈಯಿಂದ ಸಹಿ ಮಾಡಿ ಸಿಕ್ಕಾ ಒತ್ತಿದರು.

ಅದನ್ನು ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯ ವಿಮಾ ಕಚೇರಿಗೆ ಹೋದೆ. ಕಾರಕೂನರು ನನ್ನ ಪತ್ರವನ್ನು ತಿರುವಿ ನೋಡಿದರು.

"ಇದು ಇಡೀ ದೇಶಕ್ಕ ನಡೀತೈತ್ರಿ. ಕಾಶಿಗೆ ಹೋಗ್ರಿ, ಕಾಶ್ಮೀರಕ್ಕ ಹೋಗ್ರಿ. ಬ್ಯಾರೆ ಪತ್ರ ಏನೂ ಬೇಕಿಲ್ಲ."

"ಪೇಪರಿನಲ್ಲಿ ಬಂದಿದೆ" ಎಂದೆ.

"ಪೇಪರಿನಾಗ ಏನೇನರ ಬರತಾವ್ರಿ."

ಈ ಮಾತಿನಿಂದ ನನ್ನ ವೃತ್ತಿಗೌರವಕ್ಕೆ ಧಕ್ಕೆಯಾಯಿತು. "ಬೇಕಿಲ್ಲ ಎಂಬುದನ್ನು ಬರೆದು ಕೊಡಿ" ಎಂದು ಪಟ್ಟು ಹಿಡಿದೆ. ಬರೆದು ಕೊಡುವುದು ಅವರ ಕೈಯಲ್ಲಿರಲಿಲ್ಲ. ಮೇಲಿನ ಕಚೇರಿಗೆ ಅರ್ಜಿ ಹೋಗಬೇಕು, ಅರ್ಜಿಗೆ ಮೂಲಪತ್ರ ಲಗತ್ತಿಸಬೇಕು, ತಿರುಗಿ ಬರಲು ಎಂಟು ದಿನ ಬೇಕು.

"ಸುಮ್ಮನ ಮನಿಗೆ ಹೋಗ್ರಿ ಸಾಹೇಬ್ರ. ಇದನ್ನ ಕಳಿಸಿದ್ರ ಇರೋದೂ ಕೈ ಬಿಟ್ಟು ಹೋಗತೈತಿ."

"ಲಗತ್ತಿಸಿ!" ಎಂದೆ. ಬಹುಮಾನ ಘೋಷಿಸುವವರ ದನಿ ಅದು.

ಮೂಲಪತ್ರ ತಲುಪಿದ್ದಕ್ಕೆ ಅವರು ಒಂದು ಸಣ್ಣ ಪಾವತಿ ಚೀಟಿ ಬರೆದುಕೊಟ್ಟರು. "ಇದನ್ನ ಕಾರಿನಾಗ ಇಟ್ಟುಕೋರಿ, ಯಾರರ ಕೇಳಿದ್ರ ತೋರಸಾಕ" ಎಂದೂ ಹೇಳಿದರು. ಮನೆಗೆ ಬಂದಾಗ ಗಾಳಿ ಜೋರಾಗಿತ್ತು. ಚೀಟಿ ಹಾರಿಹೋಗದಿರಲೆಂದು, ಶಾಂತಾ ಹಿತ್ತಲಲ್ಲಿದ್ದಾಗ, ಅದನ್ನು ಭರಣಿಯ ತಳದಡಿ ಮೆಲ್ಲಗೆ ತೂರಿಸಿದೆ. ಭರಣಿ ಮುಟ್ಟಲಿಲ್ಲ. ನಿಯಮ ಪಾಲಿಸಿದೆ.

ಎಂಟು ದಿನ ಕಳೆದವು, ಹನ್ನೆರಡು ದಿನ ಕಳೆದವು. ಪತ್ರ ಬರಲಿಲ್ಲ. ಮದುವೆ ಬಂತು.

ಗುರುವಾರ ನಸುಕಿನಲ್ಲಿ ಹೊರಟೆವು. ಮುಂದಿನ ಸೀಟಿನಲ್ಲಿ ಶಾಂತಾ. ಹಿಂದೆ ನೀಲವ್ವತ್ತೆ, ಮಡಿಲಲ್ಲಿ ಕೂಸಿನಂತೆ ಸುತ್ತಿಟ್ಟ ಜಮಖಾನೆ. ಹಣೆಗೆ ವಿಭೂತಿ, ಸೆರಗಿನ ತುದಿಯಲ್ಲಿ ಮನೆಯಿಂದಲೇ ಕಟ್ಟಿಕೊಂಡ ಅರಿಸಿನದ ಅಕ್ಕಿ. ನನ್ನ ಎಡಗಡೆ ಕಡತ: ದನದ ಡಾಕ್ಟರ ಸಿಕ್ಕಾ ಇದ್ದ ನಕಲು, ಅರ್ಜಿಯ ಕಾರ್ಬನ್ ಪ್ರತಿ, ನನ್ನ ವರದಿಗಾರನ ಗುರುತಿನ ಚೀಟಿ. ಬೆಳಕು ಹರಿದಾಗ ರಸ್ತೆ ನಿಜವಾಗಿಯೂ ನನ್ನ ಕನಸಿನಂತೆಯೇ ಇತ್ತು. ಎರೆಭೂಮಿಯ ಮೇಲೆ ತೆಳ್ಳನೆಯ ಹಬೆ. ಎತ್ತುಗಳು ಅರ್ಧ ಕರಗಿದಂತೆ ದೂರದಲ್ಲಿ ನಡೆಯುತ್ತಿದ್ದವು. ಅತ್ತೆ ನಿದ್ದೆಯಲ್ಲಿ ನಗುತ್ತಿದ್ದರು. ವಾಂತಿಯೂ ಆಗಲಿಲ್ಲ. ಗೋಕಾಕ, ಚಿಕ್ಕೋಡಿ ದಾಟಿ, ಕೃಷ್ಣೆಯ ಸೇತುವೆಯ ಮೇಲೆ ಹೋಗುವಾಗ ನೀರು ಬೆಳ್ಳಗೆ ಹೊಳೆಯಿತು. ಅತ್ತೆ ಎಚ್ಚತ್ತು ಕೇಳಿದರು.

"ಗಡಿ ಬಂತೇನ್ರಿ ಅಳಿಯಂದಿರ?"

"ಇನ್ನ ಸ್ವಲ್ಪ ಮುಂದ ಐತಿ ಅತ್ತಿ."

"ಹೆಂಗ ಗೊತ್ತಾಗತೈತಿ? ಗೆರಿ ಕೊರದಿರತಾರೇನು?"

"ಮಣ್ಣಿನ ಬಣ್ಣ ಬ್ಯಾರೆ ಇರತೈತಿ ಬಿಡು" ಎಂದಳು ಶಾಂತಾ. ಇಬ್ಬರೂ ಕಿಟಕಿಗೆ ಮುಖವಿಟ್ಟು ಮಣ್ಣು ನೋಡತೊಡಗಿದರು. ಎರಡೂ ಕಡೆ ಅದೇ ಕಪ್ಪು, ಅದೇ ಕಬ್ಬು.

ನಾಕೆ ಬಂತು. ಒಂದು ಬೇವಿನ ಮರ, ಮರದಡಿ ಒಂದು ಹಗ್ಗದ ಹೊರಸು, ಹೊರಸಿನ ಮೇಲೆ ಒಬ್ಬರು ಪೊಲೀಸ್ ಜಮಾದಾರರು. ಅಡ್ಡಗಟ್ಟುವ ಬಿದಿರಿನ ಗಳು ಆಕಾಶ ನೋಡುತ್ತ ಮೇಲೆದ್ದು ನಿಂತಿತ್ತು. ಜಮಾದಾರರು ನಮ್ಮ ಕಾರು ನೋಡಿ, ಒಳಗಿನ ರೇಶ್ಮೆ ಸೀರೆಗಳನ್ನು ನೋಡಿ, ನೊಣ ಹೊಡೆಯುವವರಂತೆ ಕೈಬೀಸಿ ಹೋಗಿರೆಂದರು. ಕಾರು ಗಳುವಿನ ಕೆಳಗೆ ದಾಟಿ ಹತ್ತು ಮಾರು ಹೋಯಿತು.

ಇಲ್ಲಿ ನಾನು ಬ್ರೇಕು ಹಾಕಿದೆ.

"ಯಾಕ ನಿಂತ್ರಿ?" ಎಂದಳು ಶಾಂತಾ.

"ಕಾಗದ ತೋರಿಸಿ ಬರ್ತೀನಿ."

"ಕೇಳಿಲ್ಲಲ್ರಿ ಅವರು!"

"ಕೇಳಿದಾಗ ತೋರ್ಸೋದು ಕಾನೂನಿನ ಅಂಜಿಕಿ. ಕೇಳದ ತೋರ್ಸೋದು ಕಾನೂನಿನ ಗೌರವ" ಎಂದೆ. ಈ ವಾಕ್ಯವನ್ನು ದಾರಿಯುದ್ದಕ್ಕೂ ತಯಾರಿಸಿಟ್ಟಿದ್ದೆ. ಕಾರನ್ನು ಹಿಂದಕ್ಕೆ, ಗಳುವಿನ ಈಚೆಗೆ ತಂದು, ಕಡತ ಹಿಡಿದು ಇಳಿದೆ.

ಜಮಾದಾರರು ನಕಲನ್ನು ಓದಿದರು. ಮತ್ತೊಮ್ಮೆ ಓದಿದರು. ಹೊರಸಿನಿಂದ ಎದ್ದು ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ಸಾಹೇಬ್ರ, ಇದರ ಮ್ಯಾಲ ದನದ ಡಾಕ್ಟರ ಸಿಕ್ಕಾ ಐತಿ."

"ಹೌದು."

"ಕಾರಿಗೆ ಕಾಲುಬಾಯಿ ಬ್ಯಾನಿ ಬಂದಿತ್ತೇನ್ರಿ?"

ಹಿಂದಿನ ಸೀಟಿನಲ್ಲಿ ಅತ್ತೆ ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಮೂಲಪತ್ರವು ಗಡಿ ದಾಟುವ ಪ್ರತ್ಯೇಕ ಪತ್ರ ತರಲು ಮೇಲಿನ ಕಚೇರಿಗೆ ಹೋಗಿದೆಯೆಂದು ವಿವರಿಸಿದೆ.

"ಅಂಥಾ ಪತ್ರ ಇಲ್ಲ. ಇಲ್ಲಿ ಆರು ವರ್ಷ ಆತು ನಾನು ಬಂದು."

"ಪೇಪರಿನಲ್ಲಿ ಬಂದಿದೆ. ನಾನೂ ಪೇಪರಿನವನೇ" ಎಂದು ಗುರುತಿನ ಚೀಟಿ ತೋರಿಸಿದೆ.

ಅದೇ ತಪ್ಪಾಯಿತು. ಜಮಾದಾರರು ಅಂಗಿಯ ಗುಂಡಿ ಹಾಕಿಕೊಂಡರು, ಟೊಪ್ಪಿಗೆ ಇಟ್ಟುಕೊಂಡರು. ನೋಡನೋಡುತ್ತ ಇಡೀ ಪೊಲೀಸ್ ಇಲಾಖೆಯೇ ಆದರು.

"ಪೇಪರಿನವರಂದ್ರ ನಾಳೆ ನೀವ ಬರೀತೀರಿ, ನಾಕಾದಾಗ ಕಾಗದ ಇಲ್ಲದ ಗಾಡಿ ಬಿಡತಾರ ಅಂತ. ಮೂಲಪತ್ರ ಬ್ಯಾಡ, ಅದನ್ನ ಕೊಟ್ಟ ಪಾವತಿ ಚೀಟಿ ಆದ್ರೂ ಐತೇನು?"

"ಇದೆ."

"ಎಲ್ಲೈತಿ?"

ನಾನು ಶಾಂತಾಳ ಮುಖ ನೋಡದೆ ಹೇಳಿದೆ: "ಉಪ್ಪಿನಕಾಯಿ ಭರಣಿಯ ಕೆಳಗೆ."

ಶಾಂತಾ ಕಾರಿನಿಂದ ಇಳಿದಳು. "ನನ್ನ ಭರಣಿ ಮುಟ್ಟಿದ್ರಾ?" ಎಂದಳು. ಆ ಹೊತ್ತಿನಲ್ಲಿ ಆಕೆಗೆ ಗಡಿಯಾಗಲಿ ಮದುವೆಯಾಗಲಿ ನೆನಪಿರಲಿಲ್ಲ.

"ಬಿಟ್ಟುಬಿಡ್ರಿ ಜಮಾದಾರ್ರ" ಎಂದೆ, ಈಗ ಬರಿಯ ಅಳಿಯನ ದನಿಯಲ್ಲಿ. "ಹನ್ನೆರಡೂವರಿಗೆ ಅಕ್ಕಿಕಾಳು."

ಅವರಿಗೂ ಕೆಡುಕೆನಿಸಿತು. "ನೋಡದ ಇದ್ರ ಅದೊಂದು ಮಾತಿತ್ರಿ. ಈಗ ನೋಡೇನಿ. ಇವತ್ತ ನಮ್ಮ ಸಾಹೇಬ್ರು ಬ್ಯಾರೆ ಬರಾವರದಾರ. ಕಾರು ದಾಟಂಗಿಲ್ಲ."

ಗಳು ನಿಧಾನವಾಗಿ ಕೆಳಗಿಳಿಯಿತು. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ನೀಲವ್ವತ್ತೆ ಜಮಖಾನೆಯನ್ನು ಹೆಗಲಿಗೇರಿಸಿಕೊಂಡು ಇಳಿದು ಬಂದು ಜಮಾದಾರರ ಮುಂದೆ ನಿಂತರು.

"ಯಪ್ಪಾ, ಪತ್ರ ಬೇಕಾಗಿರೋದು ಕಾರಿಗೋ, ನನಗೋ?"

"ಕಾರಿಗವ್ವಾ."

"ನಡಕೋತ ಹೋದ್ರ?"

"ಯಾರು ಬ್ಯಾಡಂತಾರ?"

ಅತ್ತೆ ತಲೆ ಬಗ್ಗಿಸಿ ಗಳುವಿನ ಕೆಳಗೆ ನುಸುಳಿದರು. ಆಚೆ ನಿಂತು ಕಾಲ ಕೆಳಗಿನ ಮಣ್ಣು ನೋಡಿಕೊಂಡು, "ಇಷ್ಟ ಏನ ಇದು?" ಎಂದರು. ಶಾಂತಾ ಅವರ ಬೆನ್ನ ಹಿಂದೆ ನಡೆದಳು. ಅಷ್ಟರಲ್ಲಿ ಕಾಯಿಪಲ್ಯೆ ಇಳಿಸಿ ಮಿರಜಕ್ಕೆ ಹಿಂತಿರುಗುತ್ತಿದ್ದ ಟೆಂಪೋ ಬಂತು. ಜಮಾದಾರರೇ ಕೈಮಾಡಿ ನಿಲ್ಲಿಸಿ ಇಬ್ಬರನ್ನೂ ಮುಂದೆ ಕೂರಿಸಿದರು. "ನೀವು ಕಾರು ಕಾಯಕೋತ ಇರ್ರಿ ಅಳಿಯಂದಿರ!" ಎಂದು ಅತ್ತೆ ಕೈಬೀಸಿದರು. ಸುತ್ತಿಟ್ಟ ಜಮಖಾನೆಯ ತುದಿ ಕಿಟಕಿಯಿಂದ ಹೊರಗೆ ಚಾಚಿತ್ತು. ಒಂದು ನವಿಲಿನ ಕಣ್ಣು ನನ್ನನ್ನೇ ನೋಡುತ್ತ ಬಿಸಿಲಲ್ಲಿ ಸಣ್ಣದಾಗುತ್ತ ಹೋಯಿತು.

ನಾನೂ ನಡೆದು ಹೋಗಬಹುದಿತ್ತು. ಅದು ಹೊಳೆದಾಗ ಟೆಂಪೋ ಕಾಣುತ್ತಿರಲಿಲ್ಲ.

ಜಮಾದಾರರು ಹೊರಸಿನಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟು ಚಹಾ ಕುಡಿಸಿದರು. ಬೇವಿನ ಹೂವುಗಳು ಒಂದೊಂದಾಗಿ ಕಡತದ ಮೇಲೆ ಉದುರುತ್ತಿದ್ದವು. ರಸ್ತೆಯ ಆಚೆ ಬಿಸಿಲ್ಗುದುರೆಯಲ್ಲಿ ಹಂದರ ಎದ್ದಿತು, ವಾಲಗ ಕೇಳಿಸಿತು, ಕೆಂಪು ಜಮಖಾನೆಯ ಮೇಲೆ ಸುಮಾ ತಲೆ ತಗ್ಗಿಸಿ ಕೂತಳು. ಹನ್ನೆರಡೂವರೆ ಆಯಿತು. ನಾಲ್ಕು ಬೇವಿನ ಹೂವು ಆರಿಸಿ ಮಿರಜದ ದಿಕ್ಕಿಗೆ ಎಸೆದೆ.

"ಏನ್ರಿ ಅದು?" ಎಂದರು ಜಮಾದಾರರು.

"ಅಕ್ಕಿಕಾಳು."

ಅವರೂ ಎರಡು ಹೂವು ಎಸೆದರು.

ಅವರ ಸಾಹೇಬರು ಅಂದು ಬರಲಿಲ್ಲ.

ಸಂಜೆ ಇಬ್ಬರೂ ಬಸ್ಸಿನಲ್ಲಿ ನಾಕೆಗೆ ಬಂದಿಳಿದರು. ಬಸ್ಸಿನಲ್ಲಿ ಅತ್ತೆಗೆ ವಾಂತಿಯಾಗಿತ್ತು, ಆದರೂ ಮುಖ ಹೊಳೆಯುತ್ತಿತ್ತು. ಮೊದಲ ಅಕ್ಕಿಕಾಳು ಅವರದೇ ಬಿದ್ದಿತ್ತು. ಡಬ್ಬಿಯಲ್ಲಿ ಗೋಧಿ ಹುಗ್ಗಿ ತಂದಿದ್ದರು. ಮೊದಲು ಜಮಾದಾರರಿಗೆ ಬಡಿಸಿ, ಉಳಿದದ್ದನ್ನು ನನಗೆ ಕೊಟ್ಟರು.

"ಎಲ್ಲಾರೂ ಕೇಳಿದ್ರು, ಅಳಿಯಂದಿರು ಎಲ್ಲಿ ಅಂತ" ಎಂದರು. "ಗಡಿಯಾಗ ಅದಾರ ಅಂದೆ. ಮಿಲ್ಟ್ರಿ ಸೇರಿದ್ರೇನು ಅಂದ್ರು."

ಊರಿಗೆ ಬಂದ ಮರುದಿನ ಜಳಕ ಮಾಡಿ, ಶಾಂತಾಳ ಸಮ್ಮುಖದಲ್ಲಿ, ಭರಣಿ ಎತ್ತಿದೆ. ಪಾವತಿ ಚೀಟಿ ಇತ್ತು. ಅದರಡಿ, ಎಣ್ಣೆ ಕುಡಿದು ಕನ್ನಡಿಯಂತಾದ ಪೇಪರಿನಲ್ಲಿ, ಸುದ್ದಿಯ ಮೊದಲ ಸಾಲು ಸ್ಪಷ್ಟವಾಗಿತ್ತು: ನವಲಗುಂದ – ನಮ್ಮ ವರದಿಗಾರರಿಂದ.

ನವಲಗುಂದದಲ್ಲಿ ನಮ್ಮ ಪತ್ರಿಕೆಗೆ ಒಬ್ಬನೇ ವರದಿಗಾರ. ಆಗ ನೆನಪಾಯಿತು. ಹಿಂದಿನ ವರ್ಷ, ಕಾರು ಕೊಳ್ಳುವ ಮೊದಲು, ಕ್ಷೌರದಂಗಡಿಯಲ್ಲಿ ಬಾಜು ಕೂತಿದ್ದ ಲಾರಿ ಡ್ರೈವರನೊಬ್ಬ ತನ್ನ ಲಾರಿಯ ಪರ್ಮಿಟ್ಟಿನ ಗೋಳು ಹೇಳಿಕೊಂಡಿದ್ದ. ನನ್ನ ಕಿವಿಯ ಮೇಲೆ ಸಾಬೂನಿನ ನೊರೆ ಇತ್ತು. ನಂಬಲರ್ಹ ಮೂಲ ಆತನೇ.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಸ್ಥಳಾಭಾವದಿಂದ ಪ್ರಕಟವಾಗಲಿಲ್ಲ.

ಜುಲೈ ತಿಂಗಳಲ್ಲಿ ವಿಮೆಯ ಮೇಲಿನ ಕಚೇರಿಯಿಂದ ಲಕೋಟೆ ಬಂತು. ತಾವು ಕೋರಿದಂಥ ಪ್ರತ್ಯೇಕ ಪತ್ರ ಅಸ್ತಿತ್ವದಲ್ಲಿಲ್ಲವೆಂದೂ, ಮೂಲ ವಿಮಾ ಪತ್ರವನ್ನು ಹಿಂದಿರುಗಿಸಲಾಗಿದೆಯೆಂದೂ, ಅದರ ಅವಧಿ ಕಳೆದ ತಿಂಗಳು ಮುಗಿದಿದೆಯೆಂದೂ ಅದರಲ್ಲಿ ತಿಳಿಸಲಾಗಿತ್ತು. ಕಾಗದ ದಪ್ಪನೆಯದು. ಶಾಂತಾ ಅದನ್ನು ನಾಲ್ಕು ಮಡಿಕೆ ಮಾಡಿ ಮಾಡದಲ್ಲಿ ಹಾಸಿ, ಮೇಲೆ ಹೊಸ ಉಪ್ಪಿನಕಾಯಿಯ ಭರಣಿ ಇಟ್ಟಿದ್ದಾಳೆ.